ಹಾಡಿಯ 24 ಮನೆಗೆ ನೀರು: ಜೆಜೆಎಂ ಪೈಪ್ ಕಾಡಿನ ಅಂಚಿಗೇ ನಿಂತಿದೆ, 15ನೇ ಹಣಕಾಸಿನಲ್ಲಿ ಮುಂದುವರಿಸಬಹುದೇ?

ಬಾಣೆದಾರಿ (ಪ್ರಶ್ನೆ)

ಪೊನ್ನಂಪೇಟೆ ತಾಲ್ಲೂಕಿನಲ್ಲಿ ಮೀಸಲು ಅರಣ್ಯದ ಅಂಚಿಗಿರುವ ಗ್ರಾಮ. ಒಟ್ಟು 62 ಮನೆ. ಜಲ ಜೀವನ್ ಮಿಷನ್‌ನಲ್ಲಿ (ಜೆಜೆಎಂ) 38 ಮನೆಗೆ ನಲ್ಲಿ ಬಂದಿದೆ. ಉಳಿದ 24 ಮನೆ ಯರವರ, ಜೇನುಕುರುಬರ ಹಾಡಿಯಲ್ಲಿವೆ. ಪೈಪ್ ಅಲ್ಲಿಗೆ ಹೋಗಬೇಕಾದರೆ 350 ಮೀಟರ್ ಕಾಡು ದಾಟಬೇಕು. ಗುತ್ತಿಗೆದಾರರು ಕಾಡಿನ ಅಂಚಿನಲ್ಲಿ ಪೈಪಿಗೆ ಎಂಡ್ ಕ್ಯಾಪ್ ಹಾಕಿ ಹೋಗಿದ್ದಾರೆ. ಕಾಮಗಾರಿ ಮುಗಿದಿದೆ, ಪಂಚಾಯಿತಿ ಹಸ್ತಾಂತರ ಮಾಡಿಕೊಳ್ಳಲಿ ಅಂತ ಇಲಾಖೆ ಪತ್ರ ಬಂದಿದೆ. ಪಂಚಾಯಿತಿಯಲ್ಲಿ ಕೇಳಿದರೆ ‘ಅದು ಸೆಂಟ್ರಲ್ ಸ್ಕೀಮು, ನಮ್ಮ ಕೈಲಿಲ್ಲ’ ಅಂತಾರೆ.

ಹಾಡಿಯ ಮೇಲ್ಗಡೆ ಒಬ್ಬರ ಜಮ್ಮಾ ಬಾಣೆಯಲ್ಲಿ (ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಾಗ) ಒರತೆ ಇದೆ, ಟ್ಯಾಂಕಿಗೆ ಜಾಗ ಕೊಡ್ತೀವಿ ಅಂತ ಬಾಯಿಮಾತಲ್ಲಿ ಹೇಳಿದ್ದಾರೆ. 15ನೇ ಹಣಕಾಸು ಆಯೋಗದಿಂದ ಪಂಚಾಯಿತಿಗೆ ಬರುವ ದುಡ್ಡಲ್ಲಿ ಈ ಕೆಲಸ ಹಿಡಿಯಬಹುದಾ? ಅರಣ್ಯದ ಅನುಮತಿ ಯಾರು ಕೇಳಬೇಕು? ಈಗಲೇ ಹಸ್ತಾಂತರಕ್ಕೆ ಸಹಿ ಹಾಕಬಹುದಾ?

ಲೆಕ್ಕದಪುಸ್ತಕ

‘ಸೆಂಟ್ರಲ್ ಸ್ಕೀಮು’ ಅನ್ನೋದು ಅರ್ಧ ಮಾತು. ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಅಂತ ನಡೆಯುವ ಈ ಯೋಜನೆಯ ಹಣ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಕೆಲಸ ಮಾಡಿಸೋದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಆದರೆ ಗ್ರಾಮ ಕ್ರಿಯಾ ಯೋಜನೆಗೆ ಒಪ್ಪಿಗೆ ಕೊಡೋದು ಗ್ರಾಮಸಭೆ, ಮುಗಿದ ಮೇಲೆ ನಡೆಸೋದು ಪಂಚಾಯಿತಿ. ಕೈಲಿಲ್ಲ ಅನ್ನೋ ಹಾಗೇ ಇಲ್ಲ.

ಸಹಿ ಈಗ ಬೇಡ. ಜೆಜೆಎಂನಲ್ಲಿ ಎರಡು ಹಂತ ಇದೆ. ಎಲ್ಲ ಮನೆಗೂ ನಲ್ಲಿ ಆಯ್ತು ಅಂತ ಇಲಾಖೆ ಪೋರ್ಟಲ್‌ನಲ್ಲಿ ವರದಿ ಮಾಡೋದು ಒಂದು. ಗ್ರಾಮಸಭೆ ಕೂತು ‘ಹೌದು, ಪ್ರತಿ ಮನೆಗೂ ನೀರು ಬರ್ತಿದೆ’ ಅಂತ ನಿರ್ಣಯ ಮಾಡಿದ ಮೇಲೆ ‘ಹರ್ ಘರ್ ಜಲ್’ ಪ್ರಮಾಣೀಕರಣ ಆಗೋದು ಇನ್ನೊಂದು. ಈ ಎರಡನೆಯದು ಸಂಪೂರ್ಣ ನಿಮ್ಮ ಗ್ರಾಮಸಭೆಯ ಕೈಲಿದೆ. ಒಮ್ಮೆ ಪ್ರಮಾಣೀಕರಣ ಆಯ್ತೋ, ಲೆಕ್ಕದಲ್ಲಿ ಆ 24 ಮನೆಗೂ ನೀರು ಬಂದ ಹಾಗೆ. ಆಮೇಲೆ ಯಾರ ಹತ್ತಿರ ಹೋದರೂ ‘ಪೋರ್ಟಲ್‌ನಲ್ಲಿ ನೂರಕ್ಕೆ ನೂರು ಇದೆಯಲ್ಲ’ ಅಂತಾರೆ. ಹಾಗಾಗಿ ಗ್ರಾಮಸಭೆ ನಡಾವಳಿಯಲ್ಲಿ ‘24 ಮನೆಗೆ ಸಂಪರ್ಕ ಇಲ್ಲ, ಕಾರಣ ಇಂಥದ್ದು’ ಅಂತ ಮನೆ ಪಟ್ಟಿ ಸಮೇತ ಬರೆಸಿ.

ಹಣದ ವಿಷಯ. 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ 40 ಅನಿರ್ಬಂಧಿತ, ಶೇ 60 ನಿರ್ಬಂಧಿತ. ನಿರ್ಬಂಧಿತದಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಒಂದು ಬಾಬಿನಲ್ಲಿ ಊರಿನ ಅಗತ್ಯವೆಲ್ಲ ಪೂರೈಸಿದ್ದರೆ ಮಾತ್ರ ಅದರ ಹಣವನ್ನು ಇನ್ನೊಂದಕ್ಕೆ ತಿರುಗಿಸಬಹುದು. ನಿಮ್ಮ ಕೆಲಸಕ್ಕೆ ನೀರಿನ ಬಾಬು ಸರಿಹೊಂದುತ್ತೆ. ಆದರೆ ಮೊದಲು ಜೆಜೆಎಂ ಡಿಪಿಆರ್ (ವಿವರವಾದ ಯೋಜನಾ ವರದಿ) ತೆಗೆಸಿ ನೋಡಿ. ಅದೇ ಪೈಪ್ ಅಲ್ಲಿ ಇದ್ದು ನೀವೂ ಹಾಕಿದರೆ, ಒಂದೇ ಕಾಮಗಾರಿಗೆ ಎರಡು ಅನುದಾನ ಅಂತ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ.

ಹೆಚ್ಚು ಪಂಚಾಯಿತಿಗಳು ಎಡವೋದು ಇಲ್ಲಿ: ರಾಜ್ಯದ ಪಂಚಾಯಿತಿ ತಂತ್ರಾಂಶ ‘ಪಂಚತಂತ್ರ’ದಲ್ಲಿ ಕ್ರಿಯಾ ಯೋಜನೆ ಇದ್ದರೆ ಸಾಲದು. ಕೇಂದ್ರದ ಪೋರ್ಟಲ್ ಇ-ಗ್ರಾಮಸ್ವರಾಜ್‌ನಲ್ಲಿ ಆ ಚಟುವಟಿಕೆ ಇರಬೇಕು, ಅದೂ ನಿರ್ಬಂಧಿತ ಬಾಬಿನಲ್ಲೇ ಇರಬೇಕು. ಅವಸರದಲ್ಲಿ ಅನಿರ್ಬಂಧಿತ ಅಂತ ಒತ್ತಿಬಿಟ್ಟರೆ, ನೀರಿನ ಹಣ ಖಾತೆಯಲ್ಲೇ ಇದ್ದರೂ ಬಿಲ್ ಹೊರಡಲ್ಲ. ಬಿಟ್ಟುಹೋಗಿದ್ದರೆ ಪೂರಕ ಯೋಜನೆಯಲ್ಲಿ ಸೇರಿಸಿ. ಪಾವತಿಗೆ ಅಧ್ಯಕ್ಷರದ್ದೂ ಪಿಡಿಒದ್ದೂ ಇಬ್ಬರ ಡಿಜಿಟಲ್ ಸಹಿ ಬೇಕು. ಪಿಡಿಒ ವರ್ಗ ಆದರೆ ಹೊಸಬರ ಸಹಿ ನೋಂದಣಿ ಆಗೋವರೆಗೆ ಎಲ್ಲ ನಿಲ್ಲುತ್ತೆ. ಮಾರ್ಚ್‌ನಲ್ಲಿ ಇದು ಗೊತ್ತಾದರೆ ಏನೂ ಮಾಡೋಕಾಗಲ್ಲ.

ನೀರುಗಂಟಿಯ ಸಂಬಳ ಈ ಹಣದಿಂದ ಕೊಡುವ ಹಾಗಿಲ್ಲ. ಅದನ್ನು ಬೇರೆ ಮೂಲದಿಂದ ಹೊಂದಿಸಬೇಕು.

ಕಾಡಂಚು

ಅರಣ್ಯದ ಭಾಗಕ್ಕೆ ನಾನು ಉತ್ತರಿಸ್ತೇನೆ. ಇಂಥ ಸಣ್ಣ ಕೆಲಸಕ್ಕೆ ದೆಹಲಿವರೆಗೆ ಕಡತ ಹೋಗಬೇಕಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2)ರಲ್ಲಿ 13 ಬಗೆಯ ಸೌಲಭ್ಯಗಳಿವೆ: ಶಾಲೆ, ಅಂಗನವಾಡಿ, ರಸ್ತೆ ಇತ್ಯಾದಿ. ಕುಡಿಯುವ ನೀರು ಮತ್ತು ಪೈಪ್‌ಲೈನ್ ಕೂಡ ಆ ಪಟ್ಟಿಯಲ್ಲಿದೆ. ಷರತ್ತು: ಪ್ರತಿ ಕೆಲಸಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು, ಸೌಲಭ್ಯ ಸರ್ಕಾರದ್ದಾಗಿರಬೇಕು.

ನಿಮ್ಮ ಲೆಕ್ಕ: 350 ಮೀಟರ್ ಉದ್ದ, ಕೆಲಸಕ್ಕೆ 2 ಮೀಟರ್ ಅಗಲ ಹಿಡಿದರೆ 700 ಚದರ ಮೀಟರ್. ಹೆಕ್ಟೇರಿನಲ್ಲಿ 0.07, ನಮ್ಮ ಲೆಕ್ಕದಲ್ಲಿ 17 ಸೆಂಟು ಚಿಲ್ಲರೆ. ಮರ ಅಡ್ಡ ಬಂದರೆ ಪೈಪ್ ಬಾಗಿಸಿ, ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್ ಬಾಗುತ್ತೆ. ಮರವೇ ಕಡಿಯಲ್ಲ ಅಂತ ನಕ್ಷೆಯಲ್ಲಿ ತೋರಿಸಿದರೆ ಕಡತ ಹಗುರಾಗುತ್ತೆ.

ಅರ್ಜಿ ಹಾಕಬೇಕಾದ್ದು ಕೆಲಸ ಮಾಡಿಸುವ ಇಲಾಖೆ ಅಥವಾ ಪಂಚಾಯಿತಿ, ಗುತ್ತಿಗೆದಾರ ಅಲ್ಲ. ನಮೂನೆ ‘ಎ’ ವಲಯ ಅರಣ್ಯಾಧಿಕಾರಿಗೆ, ಅವರು ಸ್ಥಳ ನೋಡಿ ನಮೂನೆ ‘ಬಿ’ಯಲ್ಲಿ ಅಭಿಪ್ರಾಯ ಬರೆದು ಡಿಸಿಎಫ್‌ಗೆ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಳಿಸ್ತಾರೆ. ನಿಮಗೆ ವಿರಾಜಪೇಟೆ ವಿಭಾಗ. ಅಲ್ಲಿ ಒಪ್ಪದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತೆ. ಕಡತ ವಾಪಸ್ ಬರೋದು ಬಹುತೇಕ ನಿರ್ಣಯದ ದೋಷಕ್ಕೆ. ‘ನೀರು ಕೊಡಿಸಬೇಕು’ ಅಂತ ಮಾಮೂಲಿ ಠರಾವು ಬರೆದಿರ್ತಾರೆ. ಕಲಂ 3(2)ರ ಹೆಸರು, ಸರ್ವೆ ನಂಬರ್, ಉದ್ದ-ಅಗಲ, ಹಾಜರಿದ್ದವರ ಸಹಿ ಇರಬೇಕು, ಕೋರಂ ಅರ್ಧಕ್ಕೆ ಕಡಿಮೆ ಇರಬಾರದು. ರಾಷ್ಟ್ರೀಯ ಉದ್ಯಾನದ ಗಡಿಯೊಳಗಾದರೆ ವನ್ಯಜೀವಿ ಕಾಯ್ದೆಯ ಪ್ರಶ್ನೆ ಬೇರೆಯೇ ಬರುತ್ತೆ. ಆದ್ದರಿಂದ ಜಾಗ ಮೀಸಲು ಅರಣ್ಯವೇ ಅಂತ ನಕ್ಷೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಒರತೆನೀರು

ಕಾಡಂಚು ಸರ್ ಹೇಳಿದ್ದು ಸರಿ. ಆದರೆ ಬಾಣೆಯ ಒರತೆಯಿಂದ ಹಾಡಿಗೆ ಕಾಡು ಸಿಗದೆ ದಾರಿ ಇದ್ದರೆ ಆ ಕಡತವೇ ಬೇಡ. ಒರತೆ ಸಾಕಾಗುತ್ತಾ ನೋಡಿ. 24 ಮನೆ, ಮನೆಗೆ ನಾಲ್ಕೂವರೆ ಜನ, ತಲೆಗೆ ಜೆಜೆಎಂ ಮಾನದಂಡದ 55 ಲೀಟರ್: ದಿನಕ್ಕೆ 5,940 ಲೀಟರ್. ಅಳೆಯೋದು ಏಪ್ರಿಲ್ ಕೊನೆಗೆ. ಆಗಸ್ಟ್‌ನಲ್ಲಿ ಕೊಡಗಿನ ಯಾವ ಒರತೆಯೂ ತುಂಬಿರುತ್ತೆ, ಆ ಅಳತೆಗೆ ಬೆಲೆ ಇಲ್ಲ. 20 ಲೀಟರ್ ಬಕೆಟ್ ತುಂಬೋಕೆ 2 ನಿಮಿಷ ಆದರೆ ದಿನಕ್ಕೆ 14,400 ಲೀಟರ್, ಧಾರಾಳ. 5 ನಿಮಿಷ ಆದರೆ 5,760, ಸಾಲದು.

ಎತ್ತರ ಎಷ್ಟು? 10 ಮೀಟರ್ ಇಳಿತಕ್ಕೆ ಒಂದು ಕೆಜಿ ಒತ್ತಡ. 90 ಮೀಟರ್ ಇಳಿತ ಇದ್ದು ಪಿಎನ್ 6 ಪೈಪ್ (6 ಕೆಜಿ ಒತ್ತಡ ತಡೆಯುವಂಥದ್ದು) ಹಾಕಿದರೆ, ರಾತ್ರಿ ಎಲ್ಲ ನಲ್ಲಿ ಮುಚ್ಚಿದಾಗ ಕೆಳಗಿನ ತುದಿಯಲ್ಲಿ 9 ಕೆಜಿ ನಿಂತು ಜಾಯಿಂಟ್ ಬಿಟ್ಟುಕೊಳ್ಳುತ್ತೆ. ನಡುವೆ 45 ಮೀಟರ್‌ನಲ್ಲಿ ಒತ್ತಡ ಮುರಿಯುವ ಸಣ್ಣ ತೊಟ್ಟಿ, ಅದಕ್ಕೆ ಫ್ಲೋಟ್ ವಾಲ್ವ್ ಕೊಡಿ. ಪೈಪ್ ಮೂರು ಅಡಿ ಆಳದಲ್ಲಿರಲಿ. ಮೇಲೆ ಕಾಣುವ ಪೈಪನ್ನು ಆನೆ ಎಳೆಯದೆ ಬಿಡಲ್ಲ, ಚೇಂಬರ್ ಮುಚ್ಚಳದ ಮೇಲೆ ಕಾಲಿಟ್ಟರೆ ಮುಗೀತು. 5 ಸಾವಿರ ಲೀಟರ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ 40 ಗ್ರಾಂ ಲೆಕ್ಕ, ಪುಡಿಯಲ್ಲಿ ಶೇ 25 ಕ್ಲೋರಿನ್ ಇದ್ದರೆ. ನಮ್ಮ ಥಂಡಿಗೆ ಚೀಲ ಒಡೆದಿಟ್ಟ ಪುಡಿಯ ಶಕ್ತಿ ಬೇಗ ಇಳಿಯುತ್ತೆ. ತುದಿ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ಅಂತ ಪರೀಕ್ಷಾ ಕಿಟ್‌ನಲ್ಲಿ ನೋಡಿ.

ಬಾಯಿಮಾತಿನ ಜಾಗ ನಂಬಬೇಡಿ. ಜಮ್ಮಾ ಬಾಣೆ ಅಂದರೆ ಆರ್‌ಟಿಸಿಯಲ್ಲಿ ಒಕ್ಕದ (ಮನೆತನದ) ಹಲವರ ಹೆಸರಿರುತ್ತೆ. ಒಬ್ಬರು ದಾನಪತ್ರ ಬರೆದರೆ ನಾಳೆ ಇನ್ನೊಬ್ಬರು ತಕರಾರು ತೆಗೀತಾರೆ. ಎಲ್ಲರ ಸಹಿಯಿದ್ದ ನೋಂದಾಯಿತ ದಾನಪತ್ರ ಪಂಚಾಯಿತಿ ಹೆಸರಿಗೆ ಬೇಕು. ಟ್ಯಾಂಕಿಗೆ 10×10 ಮೀಟರ್, ಎರಡೂವರೆ ಸೆಂಟು ಸಾಕು. ಪಕ್ಕದಲ್ಲಿ ಪೈಸಾರಿ (ಸರ್ಕಾರಿ ಜಾಗ) ಇದ್ದರೆ ಇನ್ನೂ ಒಳ್ಳೆಯದು. ಭೂಕಂದಾಯ ಕಾಯ್ದೆ ಕಲಂ 71ರಡಿ ಕಾದಿರಿಸಲು ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಬರೆಯಿರಿ.

ಇನ್ನು ಕ್ಯಾಲೆಂಡರ್. ದೆಹಲಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ, ನಮ್ಮಲ್ಲಿ ಕಾಫಿ ಕೊಯ್ಲು ಮುಗಿಯೋದೇ ಆ ಹೊತ್ತಿಗೆ. ಹಣ್ಣು ಗಿಡದಲ್ಲಿರುವಾಗ ತೋಟದೊಳಗೆ ಚರಂಡಿ ತೋಡೋಕೆ ಯಾರೂ ಬಿಡಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಣ್ಣು ಮುಟ್ಟೋ ಹಾಗಿಲ್ಲ. ಉಳಿಯೋದು ಮಾರ್ಚ್ ಕೊನೆಯಿಂದ ಮೇ. ಆದ್ದರಿಂದ ದಾನಪತ್ರ, ಗ್ರಾಮಸಭೆ, ಅಂದಾಜುಪಟ್ಟಿ ಎಲ್ಲ ಮಳೆಗಾಲದಲ್ಲೇ ಮುಗಿಸಿ ಅಕ್ಟೋಬರ್ 2ಕ್ಕೆ ಶುರುವಾಗುವ, ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ತಯಾರಿಸುವ ಜನ ಯೋಜನೆ ಅಭಿಯಾನದಲ್ಲಿ ಸೇರಿಸಿ.

ಬಾಣೆದಾರಿ

ಡಿಪಿಆರ್ ಸಿಕ್ಕಿತು. ಮನೆ ಪಟ್ಟಿಯಲ್ಲಿ 62 ಇದೆ. ಪೈಪ್ ಉದ್ದದಲ್ಲಿ ಮಾತ್ರ ಕಾಡಿನ 350 ಮೀಟರ್ ಸೇರಿಸಿಲ್ಲ. ಸಮುದಾಯ ವಂತಿಗೆ ಶೇ 10 ಅಂತ ಬರೆದಿದ್ದಾರೆ, ಹಾಡಿಯವರು ಅಷ್ಟು ಕೊಡಲಾರರು.

ಲೆಕ್ಕದಪುಸ್ತಕ

ಹಾಗಾದರೆ ಆ 24 ನಲ್ಲಿ ಸಂಪರ್ಕ ಇಲಾಖೆಯದೇ ಬಾಕಿ. 15ನೇ ಹಣಕಾಸಿನಿಂದ ನಲ್ಲಿ ಹಾಕಲು ಹೋಗಬೇಡಿ. ಪರಿಷ್ಕೃತ ಅಂದಾಜು ಕೇಳಿ ಕಾರ್ಯಪಾಲಕ ಎಂಜಿನಿಯರ್‌ಗೆ ಪಂಚಾಯಿತಿ ನಿರ್ಣಯ ಲಗತ್ತಿಸಿ ಪತ್ರ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಒರತೆ ಸೋಸುವ ತೊಟ್ಟಿ, ಟ್ಯಾಂಕು ಡಿಪಿಆರ್‌ನಲ್ಲಿ ಇರಲ್ಲ, ಅವೆರಡನ್ನು ಮಾತ್ರ ನಿರ್ಬಂಧಿತದಲ್ಲಿ ಹಿಡಿಯಿರಿ. ವಂತಿಗೆ ಗುಡ್ಡಗಾಡು, ಅರಣ್ಯ ಪ್ರದೇಶಕ್ಕೂ ಎಸ್‌ಸಿ, ಎಸ್‌ಟಿ ಅರ್ಧಕ್ಕಿಂತ ಹೆಚ್ಚಿರುವ ಗ್ರಾಮಕ್ಕೂ ಶೇ 5. ಅದನ್ನು ದುಡಿಮೆಯ ರೂಪದಲ್ಲೂ ಕೊಡಬಹುದು. ಚರಂಡಿ ತೋಡಿದ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಬರೆದಿಟ್ಟರೆ ಅದೇ ವಂತಿಗೆ. ಪತ್ರಕ್ಕೆ ಉತ್ತರ ಬರದಿದ್ದರೆ ಸಂಸದರ ಅಧ್ಯಕ್ಷತೆಯಲ್ಲಿ ಕೇಂದ್ರದ ಯೋಜನೆಗಳ ಪರಿಶೀಲನೆ ನಡೆಸುವ ಜಿಲ್ಲಾ ಮಟ್ಟದ ದಿಶಾ ಸಭೆಗೆ ಈ ವಿಷಯ ಹೋಗಲಿ. ಆದರೆ ಮೊಹರು ಬಿದ್ದ ಪ್ರತಿ ಇಲ್ಲದೆ ಅಲ್ಲಿಗೆ ಹೋಗಬೇಡಿ.