ಕ್ಲೋಯಿಯನ್ನು ಉಳಿಸಿದವರು ‘ಡಬಲ್ ಎಕ್ಸ್‌ಪೋಶರ್’ ಆಡಬಹುದಾ?

ಮೂರು ಸಲ ಆಡಿದವಳು:
‘ಲೈಫ್ ಈಸ್ ಸ್ಟ್ರೇಂಜ್’ ಅನ್ನೋ ವಿಡಿಯೊ ಗೇಮ್ ಸರಣಿಯ ಮೊದಲ ಗೇಮ್ ಬಂದಿದ್ದು 2015ರಲ್ಲಿ. ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲ ಮ್ಯಾಕ್ಸ್ ಆಗಿ ಆಡುತ್ತೇವೆ. ಕೊನೆಯಲ್ಲಿ ಗೆಳತಿ ಕ್ಲೋಯಿಯನ್ನು ಉಳಿಸಬೇಕಾ, ಬಿರುಗಾಳಿಯಿಂದ ಇಡೀ ಊರನ್ನು ಉಳಿಸಬೇಕಾ ಅಂತ ಆರಿಸಬೇಕು. ಇಲ್ಲಿಯವರೆಗೆ ಮೂರು ಸಲ ಆಡಿದ್ದೇನೆ. ಪ್ರತಿ ಸಲವೂ ‘ಈ ಬಾರಿ ಊರನ್ನು ಉಳಿಸೋಣ’ ಅಂದುಕೊಂಡೇ ಶುರು ಮಾಡಿದೆ. ಪ್ರತಿ ಸಲವೂ ಲೈಟ್‌ಹೌಸ್ ಹತ್ತಿರ ನಿಂತಾಗ ಮನಸ್ಸು ಬರಲಿಲ್ಲ. ಆರ್ಕೇಡಿಯಾ ಬೇ ಬಿರುಗಾಳಿಗೆ ಹೋಯಿತು, ಕ್ಲೋಯಿ ಉಳಿದಳು. ಈಗ ಅದೇ ಸರಣಿಯ ‘ಡಬಲ್ ಎಕ್ಸ್‌ಪೋಶರ್’ ಇನ್‌ಸ್ಟಾಲ್ ಮಾಡಿ ಇಟ್ಟುಕೊಂಡಿದ್ದೇನೆ. ಮ್ಯಾಕ್ಸ್ ವಾಪಸ್ ಬಂದಿದ್ದಾಳೆ ಅಂತ ಖುಷಿ. ಕ್ಲೋಯಿ ಜತೆಗಿಲ್ಲ ಅಂತ ಗೊತ್ತಾದ ಮೇಲೆ ಶುರು ಮಾಡಲು ಕೈ ಬರುತ್ತಿಲ್ಲ. ಆಡಿದವರು ನಿಮ್ಮ ಅನುಭವ ಹೇಳುತ್ತೀರಾ? ಅರ್ಧಂಬರ್ಧ ಕಥೆ ಗೊತ್ತಾದರೂ ಪರವಾಗಿಲ್ಲ. ಅದರಲ್ಲಿ ನಡೆಯುವ ಕೊಲೆಯಲ್ಲಿ ಗುಂಡು ಹಾರಿಸಿದ್ದು ಯಾರು ಅಂತ ಮಾತ್ರ ಹೇಳಬೇಡಿ.

ನಾಲ್ಕು ತಿಂಗಳು ಬಿಟ್ಟವನು:
ನಾನೂ ನಿಮ್ಮ ಪಕ್ಷವೇ. ಮೊದಲೇ ಹೇಳಿಬಿಡುತ್ತೇನೆ, ಒಂದು ಪತ್ರ ಇದೆ.

ಗೇಮ್ ಶುರುವಾದ ಸ್ವಲ್ಪ ಹೊತ್ತಿಗೆ ಹೊಸ ಗೆಳತಿ ಸಾಫಿ ಜತೆ ಮಾತಾಡುವಾಗ ಹಳೆಯ ವಿಷಯ ಬರುತ್ತದೆ. ಕ್ಲೋಯಿ ಬದುಕಿದ್ದಾಳಾ, ಅವಳು ಬರೀ ಗೆಳತಿಯಾ ಅಥವಾ ಪ್ರೀತಿಯಾ, ಅಲ್ಲೇ ನೀವು ಆರಿಸಬೇಕು. ಹಳೇ ಸೇವ್ ಫೈಲ್ ಏನೂ ಬೇಕಾಗಿಲ್ಲ. ಎರಡು ಉತ್ತರ ಕೊಟ್ಟೆ, ಮುಗೀತು. ಆಮೇಲೆ ಮ್ಯಾಕ್ಸ್ ಮನೆಯಲ್ಲಿ ಕ್ಲೋಯಿ ಬರೆದ ಪತ್ರ ಸಿಕ್ಕಿತು. ಬಿಟ್ಟು ಹೋಗುತ್ತಿದ್ದೇನೆ ಅನ್ನುವ ಪತ್ರ. ಓದಿ ಕಂಟ್ರೋಲರ್ ಕೆಳಗಿಟ್ಟವನು ನಾಲ್ಕು ತಿಂಗಳು ಮುಟ್ಟಲಿಲ್ಲ.

ಇಬ್ಬರೂ ಬೇರೆಯಾದರು ಅನ್ನೋದಕ್ಕೆ ಸಿಟ್ಟು ಬಂದಿದ್ದಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಇಡೀ ಊರನ್ನೇ ಕಳೆದುಕೊಂಡು ಹೊರಟವರು, ಹತ್ತು ವರ್ಷದಲ್ಲಿ ಏನು ಬೇಕಾದರೂ ಆಗಬಹುದು. ಆದರೆ ಆ ಜಗಳ ನನ್ನ ಕಣ್ಣೆದುರು ಆಗಲಿಲ್ಲ. ಒಂದು ಮಾತನ್ನೂ ನಾನು ಆರಿಸಲಿಲ್ಲ. ಮೊದಲ ಗೇಮ್‌ನಲ್ಲಿ ಮ್ಯಾಕ್ಸ್ ರೂಮಿನ ಗಿಡಕ್ಕೆ ನೀರು ಹಾಕಿದರೂ ಇದಕ್ಕೆ ಮುಂದೆ ಪರಿಣಾಮ ಇದೆ ಅಂತ ತೆರೆಯ ಮೂಲೆಯಲ್ಲಿ ಚಿಟ್ಟೆ ರೆಕ್ಕೆ ಬಡಿಯುತ್ತಿತ್ತು, ನೆನಪಿದೆಯಾ? ಜಾಸ್ತಿ ನೀರು ಹಾಕಿದರೆ ಆ ಗಿಡ ಸಾಯುತ್ತಿತ್ತು ಕೂಡ. ಗಿಡಕ್ಕೆ ಅಷ್ಟು ಲೆಕ್ಕ ಇಟ್ಟ ಸರಣಿ, ಕ್ಲೋಯಿ ವಿಷಯವನ್ನು ನಾನಿಲ್ಲದಾಗ ತೀರ್ಮಾನ ಮಾಡಿಬಿಟ್ಟಿತು. ಅದು ಈಗಲೂ ಚುಚ್ಚುತ್ತದೆ.

ಮತ್ತೆ ಯಾಕೆ ಹಿಡಿದೆ ಅಂದರೆ, ಮ್ಯಾಕ್ಸ್ ದನಿ. 2015ರಲ್ಲಿ ಮಾತಾಡಿದ ಹಾನಾ ಟೆಲ್ ಅವರೇ ಇಲ್ಲೂ ಇದ್ದಾರೆ. ತನ್ನಷ್ಟಕ್ಕೇ ಗೊಣಗುವುದು, ಕೆಟ್ಟ ಜೋಕು ಹೊಡೆದು ತಾನೇ ನಾಚುವುದು, ಎಲ್ಲ ಹಾಗೇ ಇದೆ. ಮೊದಲ ಎರಡು ಅಧ್ಯಾಯ ನಿಜಕ್ಕೂ ಚೆನ್ನಾಗಿವೆ. ಈ ಸಲ ಮ್ಯಾಕ್ಸ್ ಎರಡು ಟೈಮ್‌ಲೈನ್‌ಗಳ ನಡುವೆ ದಾಟಬಲ್ಲಳು. ಒಂದರಲ್ಲಿ ಸಾಫಿ ಗುಂಡೇಟಿಗೆ ಸತ್ತಿದ್ದಾಳೆ, ಗೆಳೆಯ ಮೋಸಸ್ ಕುಗ್ಗಿಹೋಗಿದ್ದಾನೆ. ಇನ್ನೊಂದಕ್ಕೆ ದಾಟಿದರೆ ಅವಳೇ ಎದುರಿಗೆ ನಗುತ್ತಾ ನಿಂತಿದ್ದಾಳೆ. ಅವಳಿಗೆ ಏನೂ ಗೊತ್ತಿಲ್ಲ, ನಮಗೆ ಗೊತ್ತು. ಆ ಸಂಕಟಕ್ಕೋಸ್ಕರ ಆಡಿ ಅನ್ನುತ್ತೇನೆ. ಕೊನೇ ಎರಡು ಅಧ್ಯಾಯ ಮುಂದಿನ ಗೇಮ್‌ಗೆ ಪೀಠಿಕೆ ಹಾಕೋದರಲ್ಲೇ ಕಳೆದುಹೋದವು. ‘ಮ್ಯಾಕ್ಸ್ ಮತ್ತೆ ಬರುತ್ತಾಳೆ’ ಅಂತ ಬರೆದೇ ತೋರಿಸುತ್ತಾರೆ.

ಊರಿನ ಪಕ್ಷ:
ನಾನು ಊರನ್ನು ಉಳಿಸಿದವನು, ಬೈಯಬೇಡಿ. ನನ್ನ ಮ್ಯಾಕ್ಸ್‌ಗೆ ಈ ಕಥೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಮೊದಲ ಗೇಮ್‌ನಲ್ಲಿ ಕ್ಲೋಯಿ ಗುಂಡೇಟಿಗೆ ಸತ್ತಿದ್ದಾಳೆ, ಮ್ಯಾಕ್ಸ್ ತಡೆಯಬಹುದಿತ್ತು, ತಡೆಯಲಿಲ್ಲ. ಈಗ ಇನ್ನೊಬ್ಬಳು ಹಾಗೇ ಹೋಗುತ್ತಾಳೆ. ‘ಈ ಸಲ ಬಿಡಲ್ಲ’ ಅನ್ನುವ ಅವಳ ಹಟ ನನಗೆ ಪೂರ್ತಿ ಅರ್ಥವಾಯಿತು. ನಿಮ್ಮ ಕಡೆಯ ಕಥೆಯನ್ನು ಅವರು ಆಮೇಲೆ ತೇಪೆ ಹಾಕಿದ್ದಾರೆ ಅಂತ ನನಗೂ ಅನ್ನಿಸಿದೆ.

ಹಳೇ ಗಾಯದವಳು:
ಇದು ಹೊಸ ನೋವೇನಲ್ಲ ರೀ. ಟೆಲ್‌ಟೇಲ್ ಕಂಪನಿಯವರ ‘ದಿ ವಾಕಿಂಗ್ ಡೆಡ್’ ಗೇಮ್‌ನ ಎರಡನೇ ಸೀಸನ್ ಕೊನೆಯಲ್ಲಿ ಕೆನ್ನಿ ಬೇಕಾ ಜೇನ್ ಬೇಕಾ ಅಂತ ನಾನು ಎಷ್ಟು ಒದ್ದಾಡಿದೆ! ಮುಂದಿನ ಸೀಸನ್‌ನಲ್ಲಿ ನಾನು ಉಳಿಸಿದ ಕೆನ್ನಿಯನ್ನು ಒಂದು ಸಣ್ಣ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಕಾರ್ ಅಪಘಾತ ಮಾಡಿಸಿ ಮುಗಿಸಿದರು. ಜೇನ್ ಜತೆ ಹೋದವರಿಗೂ ಅದೇ ಗತಿ. ಪಾಪ, ಬರೆಯುವವರ ಕಷ್ಟವೂ ಗೊತ್ತು. ಎರಡು ಎಂಡಿಂಗ್ ಕೊಟ್ಟ ಮೇಲೆ ಎರಡಕ್ಕೂ ಪೂರ್ತಿ ಗೇಮ್ ಮಾಡಲು ದುಡ್ಡೂ ಸಾಲದು, ಟೈಮೂ ಸಾಲದು. ಎರಡು ದಾರಿಯನ್ನೂ ಎಲ್ಲೋ ಒಂದು ಕಡೆ ಸೇರಿಸಲೇಬೇಕು. ಆದರೆ ಸೇರಿಸುವಾಗ ಒಂದು ಸೀನ್ ಆದರೂ ನಮ್ಮ ಕೈಗೆ ಕೊಡಬಹುದು ಅಲ್ವಾ?

ಚೆನ್ನಾಗಿ ಸೇರಿಸಿದ್ದೂ ಇದೆ. ‘ಲೈಫ್ ಈಸ್ ಸ್ಟ್ರೇಂಜ್ 2’ ಆಡಿದ್ದೀರಾ? ಶಾನ್, ಡೇನಿಯಲ್ ಅನ್ನೋ ಅಣ್ಣತಮ್ಮಂದಿರ ಕಥೆ. ಐದನೇ ಎಪಿಸೋಡ್‌ನಲ್ಲಿ ಕ್ಲೋಯಿಯ ಮಲತಂದೆ ಡೇವಿಡ್ ಸಿಗುತ್ತಾನೆ. ಮೊದಲ ಗೇಮ್‌ನಲ್ಲಿ ಯಾರಿಗೂ ಸೇರದ ಮನುಷ್ಯ. ನೀವು ಕ್ಲೋಯಿಯನ್ನು ಉಳಿಸಿದ್ದರೆ ಇಲ್ಲಿ ಅವಳ ಜತೆ ಫೋನಿನಲ್ಲಿ ಮಾತಾಡುತ್ತಾನೆ. ಅವನ ಹತ್ತಿರ ಅವಳದೂ ಮ್ಯಾಕ್ಸ್‌ದೂ ಫೋಟೊ ಇದೆ. ಅಷ್ಟೇ. ಕ್ಲೋಯಿ ತೆರೆ ಮೇಲೆ ಬರೋದೇ ಇಲ್ಲ. ನನಗೆ ಅದು ಸಾಕಾಯಿತು.

ಕೇಟ್‌ಗೆ ಫೋನ್ ಎತ್ತಿದವನು:
ಕ್ಲೋಯಿ ಬಗ್ಗೆ ಎಲ್ಲರೂ ಹೇಳಿದ್ದಾರೆ. ನನ್ನ ತಕರಾರು ರಿವೈಂಡ್ ಬಗ್ಗೆ. ಮೊದಲ ಗೇಮ್‌ನಲ್ಲಿ ಯಾವ ಮಾತನ್ನು ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದಿತ್ತು. ಅದಕ್ಕೇ ಎರಡನೇ ಎಪಿಸೋಡ್‌ನಲ್ಲಿ ಮ್ಯಾಕ್ಸ್ ಸಹಪಾಠಿ ಕೇಟ್ ಸಾಯಲು ಹೊರಟು ಹಾಸ್ಟೆಲ್ ಮೇಲಿನ ಅಂಚಿನಲ್ಲಿ ನಿಂತಾಗ, ಮ್ಯಾಕ್ಸ್ ಶಕ್ತಿ ಕೈಕೊಟ್ಟಾಗ, ನನ್ನ ಕೈ ನಡುಗಿತು. ಒಂದೇ ಚಾನ್ಸ್. ಬೆಳಿಗ್ಗೆ ಅವಳ ಫೋನ್ ಎತ್ತಿದ್ದೆನಾ? ಕನ್ನಡಿ ಮೇಲೆ ಬರೆದಿದ್ದ, ಅವಳ ಮಾನ ಕಳೆದ ಆ ವಿಡಿಯೊ ಲಿಂಕ್ ಅಳಿಸಿದ್ದೆನಾ? ಅವಳ ರೂಮಿನಲ್ಲಿ ನೋಡಿದ್ದು ನೆನಪಿದೆಯಾ? ಅಮ್ಮನ ಹೆಸರು ಎತ್ತಬಾರದು, ಅಪ್ಪನ ಹೆಸರು ಹೇಳಬೇಕು. ಅವಳು ಕೈ ಹಿಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

‘ಡಬಲ್ ಎಕ್ಸ್‌ಪೋಶರ್’ನಲ್ಲಿ ರಿವೈಂಡ್ ಮಾಡಿ ಮಾತು ಬದಲಿಸಲು ಆಗಲ್ಲ. ಹಾಗಾದರೆ ಪ್ರತಿ ಮಾತೂ ಭಾರವಾಗಬೇಕಿತ್ತು. ನನಗೆ ಉಲ್ಟಾ ಆಯಿತು. ಎಲ್ಲವೂ ಒಂದೇ ಚಾನ್ಸ್ ಆದಾಗ ಯಾವುದೂ ಕೇಟ್ ಸೀನ್ ಆಗಲಿಲ್ಲ. ಹಾಗಂತ ಆಡಬೇಡಿ ಅನ್ನಲ್ಲ. ಬೇರೆ ಗೇಮ್ ಅಂದುಕೊಂಡು ಆಡಿ. ಮತ್ತೆ, ಮೊದಲನೆಯದನ್ನು ಮುಗಿಸಿದ ರಾತ್ರಿಯೇ ಇದನ್ನು ಶುರು ಮಾಡಬೇಡಿ. ನಾನು ಮಾಡಿದೆ, ದೊಡ್ಡ ತಪ್ಪು.

ಊರಿನ ಪಕ್ಷ:
ಇನ್ನೊಂದು ಉಪಾಯ. ಸಾಫಿ ಕೇಳಿದಾಗ ಕ್ಲೋಯಿ ಸತ್ತಳು ಅಂತ ಹೇಳಿ ಆಡಿ. ಈ ಗೇಮ್‌ಗೆ ಆ ಉತ್ತರವೇ ಚೆನ್ನಾಗಿ ಕೂರುತ್ತದೆ.

ನಾಲ್ಕು ತಿಂಗಳು ಬಿಟ್ಟವನು:
ಅದೊಂದು ಮಾತ್ರ ಹೇಳಬೇಡಿ ಸ್ವಾಮಿ.

ಮೂರು ಸಲ ಆಡಿದವಳು:
ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಗೇಮ್ ಆಡಿರಲಿಲ್ಲ. ಮ್ಯಾಕ್ಸ್ ಇಲ್ಲ ಅಂತ ಸುಮ್ನೆ ಬಿಟ್ಟಿದ್ದೆ. ಡೇವಿಡ್ ಫೋನ್ ವಿಷಯ ಓದಿ ಅದನ್ನೂ ತೆಗೆದುಕೊಂಡೆ, ಆಮೇಲೆ ಆಡುತ್ತೇನೆ. ಆದರೆ ನಿನ್ನೆ ರಾತ್ರಿ ತಡೆಯಲಾಗದೆ ‘ಡಬಲ್ ಎಕ್ಸ್‌ಪೋಶರ್’ ಶುರು ಮಾಡಿಯೇಬಿಟ್ಟೆ. ಸಾಫಿ ಕೇಳುವ ಜಾಗದವರೆಗೆ ಬಂದಿದ್ದೇನೆ. ಉತ್ತರಗಳು ತೆರೆ ಮೇಲೆ ಇವೆ. ಊರಿನ ಪಕ್ಷದವರ ಮಾತು ಕೇಳಿ ಒಂದು ಕ್ಷಣ ಬೆರಳು ಆ ಕಡೆ ಹೋಯಿತು, ನಿಜ. ಪಾಸ್ ಒತ್ತಿ ಇಲ್ಲಿ ಬಂದು ಬರೆಯುತ್ತಿದ್ದೇನೆ. ಪತ್ರ ಸಿಕ್ಕ ಮೇಲೆ ಬೈಯಲು ಮತ್ತೆ ಬರುತ್ತೇನೆ.