ಮಗನಿಗೆ 20 ತಿಂಗಳು, ಮಾತು ಕಡಿಮೆ. ನೀವೆಲ್ಲ ಮನೆಯಲ್ಲಿ ಏನು ಮಾಡಿದಿರಿ?

ಕೇಳಿದವರು: ಮಗುವಿನ ತಾಯಿ, ಕಲಬುರಗಿ
ಮಗ ಓಡಾಡುತ್ತಾನೆ, ಹೇಳಿದ್ದು ತಿಳಿಯುತ್ತದೆ. ಆದರೆ "ಅವ್ವ", "ನೀ" (ನೀರು) ಬಿಟ್ಟರೆ ಮಾತಿಲ್ಲ. ನಾನು ಕೆಲಸಕ್ಕೆ ಹೋಗುತ್ತೇನೆ, ಹಗಲೆಲ್ಲ ಅತ್ತೆಯ ಹತ್ತಿರ ಇರುತ್ತಾನೆ. ಚಿತ್ರದ ಕಾರ್ಡು, ಬ್ಲಾಕ್ಸ್ ತಂದೆ. ಎರಡು ನಿಮಿಷಕ್ಕೇ ಎಸೆಯುತ್ತಾನೆ. ಮನೆಗೆಲಸದ ನಡುವೆಯೇ ಏನಾದರೂ ಮಾಡಲು ಆಗುತ್ತದಾ?

ಎರಡು ಮಕ್ಕಳ ತಾಯಿ, ಶಹಾಬಾದ್
ತಂಗಿ, ಕಾರ್ಡು ಎತ್ತಿಡಿ. ಅತ್ತೆ ರೊಟ್ಟಿ ಬಡಿಯುತ್ತಾರಲ್ವಾ, ಅಲ್ಲೇ ಕೂರಿಸಿ, ಒಲೆಯಿಂದ ದೂರ. ನನ್ನ ಮಗನೂ ಎರಡು ವರ್ಷ ತುಂಬುತ್ತಾ ಬಂದರೂ ನಾಲ್ಕೇ ಮಾತು ಆಡುತ್ತಿದ್ದ. ನಮ್ಮವ್ವ ಅವನ ಕೈಗೆ ಜೋಳದ ಹಿಟ್ಟಿನ ಸಣ್ಣ ಉಂಡೆ ಕೊಟ್ಟು, "ಬಡಿ ಬಡಿ, ತಿರುಗಿಸು" ಅಂತ ರೊಟ್ಟಿಯ ಸಪ್ಪಳಕ್ಕೆ ಸರಿಯಾಗಿ ಹೇಳುತ್ತಿದ್ದಳು. ಅವನು ಹಿಸುಕುವನು, ತಟ್ಟುವನು, ಬೆರಳಿನಿಂದ ತೂತು ಮಾಡುವನು. ಬೆರಳಿಗೆ ಬಲ ಬರುವುದೂ ಹೀಗೇ. ಅವನ ಮೂರನೇ ಮಾತು "ನೀರು", ಐದನೆಯದು "ಬಡಿ"!

ನನ್ನ ತಪ್ಪು ಬೇರೆ ಇತ್ತು. ಅವನು ನೀರಿನ ಕೊಡದ ಕಡೆ ಕೈ ತೋರಿಸಿದ ಕೂಡಲೇ ನೀರು ಕೊಟ್ಟುಬಿಡುತ್ತಿದ್ದೆ. ಅವನಿಗೆ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಆಮೇಲೆ ಲೋಟ ಹಿಡಿದು, ಮುಖ ನೋಡಿ, "ನೀರು ಬೇಕಾ?" ಅಂತ ಕೇಳಿ ಸುಮ್ನೆ ಕಾಯುವುದು ಕಲಿತೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. "ನೀ" ಅಂದರೂ ಸಾಕು, ಕೊಡಿ. ಏನೂ ಅನ್ನದಿದ್ದರೂ ಕೊಡಿ, ಅಳಿಸಬೇಡಿ. ಅವನು "ನೀ" ಅಂದಾಗ ನೀವು "ನೀರು ಬೇಕು" ಅನ್ನಿ. ಅವನ ಮಾತಿಗೆ ಒಂದು ಮಾತು ಸೇರಿಸಿದರೆ ಆಯಿತು. ಈ ಕಾಯುವುದೇ ನಮಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಒಂದು ಎಚ್ಚರ: ತೊಗರಿ, ಶೇಂಗಾ, ಕಡಲೆ ಆಟಕ್ಕೆ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಗಿಗೂ ತುರುಕಿಕೊಳ್ಳುತ್ತಾರೆ. ಡಬ್ಬಿ, ಮುಚ್ಚಳ, ಚಮಚ ಸಾಕು.

ಅಂಗನವಾಡಿ ಕಾರ್ಯಕರ್ತೆ, ಆಳಂದ ತಾಲ್ಲೂಕು
ಊಟ ಮಾಡಿಸುವಾಗ ಫೋನ್ ಕೊಡುತ್ತೀರೇನ್ರೀ? ಮೊದಲು ಅದನ್ನು ಬಿಡಿಸಿ. ಎರಡು ವರ್ಷದೊಳಗಿನ ಮಕ್ಕಳಿಗೆ ಫೋನ್, ಟಿವಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೂರ್ನಾಲ್ಕು ದಿನ ಹಟ ಮಾಡಬಹುದು. ಕಟ್ಟೆ ಮೇಲೆ ಕೂರಿಸಿ, ಆಕಳು, ಗುಬ್ಬಿ ತೋರಿಸುತ್ತಾ ಉಣ್ಣಿಸಿ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು ಇದ್ದರೆ ಚಿಂತೆ ಬೇಡ. ಎರಡು ಭಾಷೆ ಕೇಳಿದರೆ ಮಾತು ತಡವಾಗುವುದಿಲ್ಲ. ಎರಡೂ ಭಾಷೆಯ ಮಾತು ಸೇರಿಸಿ ಎಣಿಸಿ. ಎರಡು ವರ್ಷಕ್ಕೆ "ಹಾಲು ಬೇಕು" ಅಂತ ಎರಡು ಮಾತು ಜೋಡಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೇ ಬಂದು ಮಕ್ಕಳ ತಪಾಸಣೆ ಮಾಡುತ್ತಾರೆ, ದುಡ್ಡಿಲ್ಲ. ಯಾವಾಗ ಬರುತ್ತಾರೆ ಅಂತ ನಿಮ್ಮ ಓಣಿಯ ಅಂಗನವಾಡಿಯಲ್ಲಿ ಕೇಳಿ.

ಒಬ್ಬ ತಂದೆ, ಕಲಬುರಗಿ
ಅಕ್ಕಾ, ಅಂಗನವಾಡಿ ತಪಾಸಣೆಗೂ ಕಾಯಬೇಡಿ, ಮೊದಲು ಕಿವಿ ತೋರಿಸಿ. ನಮ್ಮ ಮಗಳಿಗೆ ಮೇಲಿಂದ ಮೇಲೆ ನೆಗಡಿ ಆಗುತ್ತಿತ್ತು. ಕರೆದರೆ ಒಮ್ಮೊಮ್ಮೆ ತಿರುಗುತ್ತಿರಲಿಲ್ಲ. "ಅವಳ ಅಪ್ಪನೂ ತಡವಾಗಿಯೇ ಮಾತಾಡಿದ್ದ" ಅಂತ ಮುತ್ಯಾ ಹೇಳಿದರು, ಆರು ತಿಂಗಳು ಕಳೆದೆವು. ಆಮೇಲೆ ಗೊತ್ತಾಯಿತು, ಕಿವಿಯ ತಮಟೆಯ ಹಿಂದೆ ನೀರು ತುಂಬಿತ್ತು. ಆ ಆರು ತಿಂಗಳು ಅವಳಿಗೆ ನಮ್ಮ ಮಾತು ಸರಿಯಾಗಿ ಕೇಳಿಸಿಯೇ ಇರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಗುವಿನ ತಾಯಿ
ಅತ್ತೆಗೆ ಎಲ್ಲ ಓದಿ ಹೇಳಿದೆ. ಸೋಮವಾರ ರಜೆ ಹಾಕಿ ಕಿವಿ ತೋರಿಸಿಕೊಂಡು ಬರುತ್ತೇನೆ. ಹಿಟ್ಟಿನ ಉಂಡೆ ಇವತ್ತೇ ಕೊಟ್ಟೆವು. ಅರ್ಧ ತಿಂದ, ಅರ್ಧ ಬಡಿದ.