ನಾಯಕರ ಸೊನ್ನೆಗೊಂದು ಸರಾಸರಿ: ಕ್ರೀಡಾ ವಿಶ್ಲೇಷಕರ ಧಾಟಿಯ ಅಣಕು ಪೋಸ್ಟ್ ಬರೆಯುವುದು ಹೇಗೆ?

ಈ ವಾರ ಉತ್ತರಿಸುವವರು: ದಿನಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ 22 ವರ್ಷ ಉಪಸಂಪಾದಕರಾಗಿದ್ದು, ಈಗ ಹಾಸ್ಯ ಬರಹವನ್ನೇ ನೆಚ್ಚಿಕೊಂಡಿರುವ ನಮ್ಮ ಗುಂಪಿನ ಸದಸ್ಯರು.

ಪ್ರಶ್ನೆ (ಬನಶಂಕರಿಯಿಂದ): ನಾವು ಹನ್ನೆರಡು ಜನ ಭಾನುವಾರ ಬೆಳಿಗ್ಗೆ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತೇವೆ. ಪಂದ್ಯ ಮುಗಿದ ಮೇಲೆ ಟಿವಿ ವಿಶ್ಲೇಷಕರ ಶೈಲಿಯಲ್ಲಿ ಅಣಕು ಪೋಸ್ಟ್ ಬರೆದು ಇನ್‌ಸ್ಟಾಗ್ರಾಂಗೆ ಹಾಕುವ ಕೆಲಸ ನನ್ನದು. ಯಾರೂ ನಗುತ್ತಿಲ್ಲ, ನಾಯಕನಂತೂ ಮಾತು ಬಿಟ್ಟಿದ್ದಾನೆ. ಮೊನ್ನೆ ಬರೆದದ್ದು ಇದು: "ನಮ್ಮ ನಾಯಕ ಮತ್ತೆ ಸೊನ್ನೆ! ಬ್ಯಾಟ್ ಹಿಡಿಯಲು ಬಾರದವನಿಗೆ ನಾಯಕತ್ವ ಬೇರೆ ಕೇಡು. ತಜ್ಞರ ಪ್ರಕಾರ ಇವನನ್ನು ಈಗಲೇ ಕೈಬಿಡಬೇಕು." ಎಲ್ಲಿ ತಪ್ಪಿದ್ದೇನೆ?

ಉತ್ತರ: ಇದು ಅಣಕವಲ್ಲ, ಬೈಗುಳ. ಬೈಯುವ ಕೆಲಸವನ್ನು ವಿಶ್ಲೇಷಕ ಅಭಿಮಾನಿಗಳಿಗೆ ಬಿಟ್ಟುಕೊಟ್ಟಿರುತ್ತಾನೆ. ತಾನು ಅಂಕಿಅಂಶ ಹಿಡಿದುಕೊಂಡು ಸಮಾಧಾನ ಹೇಳುತ್ತಾನೆ. ನೀವೂ ಸಮಾಧಾನವನ್ನೇ ಹೇಳಿ:

"ಈ ಸೊನ್ನೆಯನ್ನು ಅದರ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಈ ಋತುವಿನಲ್ಲಿ, ಮಸಾಲೆ ದೋಸೆ ತಿಂದು 40 ನಿಮಿಷದೊಳಗೆ ಕ್ರೀಸಿಗಿಳಿದ ಬಲಗೈ ಬ್ಯಾಟರ್‌ಗಳ ಪೈಕಿ ನಮ್ಮ ನಾಯಕರ ಸರಾಸರಿಯೇ ಅತ್ಯಧಿಕ: 1.33. ಇದರ ಬಗ್ಗೆ ಯಾರೂ ಮಾತನಾಡುತ್ತಿಲ್ಲ."

ಷರತ್ತಿನ ಮೇಲೆ ಷರತ್ತು ಹೇರುತ್ತ ಹೋದರೆ ಕೊನೆಗೆ ಜರಡಿಯಲ್ಲಿ ಉಳಿಯುವವನು ಒಬ್ಬನೇ. ಒಬ್ಬನೇ ಓಡಿದ ಓಟದಲ್ಲಿ ಮೊದಲ ಬಹುಮಾನ ಇನ್ನಾರಿಗೆ ಬರಬೇಕು? 1.33 ಕೂಡ ಬಾಯಿಗೆ ಬಂದ ಸಂಖ್ಯೆಯಲ್ಲ. ನಾಲ್ಕು ರನ್, ಮೂರು ಸಲ ಔಟ್. ಲೆಕ್ಕ ಸರಿಯಿರಲೇಬೇಕು, ಏಕೆಂದರೆ ಗುಂಪಿನಲ್ಲಿ ಒಬ್ಬನಾದರೂ ಕೂಡಿಸಿ ಭಾಗಿಸಿ ನೋಡುತ್ತಾನೆ. ಎರಡನೆಯ ದಶಮಾಂಶವನ್ನು ಬಿಡಬೇಡಿ, ವಿಶ್ಲೇಷಕನ ಗತ್ತೆಲ್ಲ ಇರುವುದು ಅಲ್ಲಿಯೇ.

ಇನ್ನೊಂದು ಮಾತು. ನೀವು "ಇವನನ್ನು" ಎಂದು ಬರೆದಿದ್ದೀರಿ, ನಾನು "ನಾಯಕರ" ಎಂದು ಬಹುವಚನಕ್ಕೆ ಏರಿಸಿದೆ. ಏಕವಚನದಲ್ಲಿ ಜಗಳವಾಡಬಹುದು. ನಯವಾಗಿ ಚುಚ್ಚಲು ಕನ್ನಡದಲ್ಲಿ ಬಹುವಚನವೇ ಬೇಕು.

ಕಿವಿಯೂ ಬೇಕು. ಪತ್ರಿಕೆಯ ಕ್ರೀಡಾ ಪುಟಕ್ಕೆ ಅದರದೇ ಕನ್ನಡವಿದೆ: "ಖಾತೆ ತೆರೆಯದೆ ಪೆವಿಲಿಯನ್ ಹಾದಿ ಹಿಡಿದರು", "ರನ್ ಹೊಳೆ ಹರಿಸಿದರು", "ಗೆಲುವಿನ ನಗೆ ಬೀರಿತು". ಇವನ್ನೆಲ್ಲ ನಾನೇ ನೂರಾರು ಸಲ ಬರೆದು ಪಾಪ ಕಟ್ಟಿಕೊಂಡಿದ್ದೇನೆ. ಟಿವಿ ಚರ್ಚೆಯ ಕನ್ನಡ ಬೇರೆ: "ಎಲ್ಲೋ ಒಂದು ಕಡೆ", "ಆ ಒಂದು ನಿಟ್ಟಿನಲ್ಲಿ", "ಇಲ್ಲಿ ಗಮನಿಸಬೇಕಾದ ಅಂಶ ಏನೆಂದರೆ". ಎರಡನ್ನೂ ಒಂದೇ ಪೋಸ್ಟಿನಲ್ಲಿ ಬೆರೆಸಿದರೆ ಯಾರ ಧಾಟಿಯೂ ಮೂಡುವುದಿಲ್ಲ. ಒಂದನ್ನು ಆರಿಸಿಕೊಂಡು, ಒಂದೇ ಒಂದು ಪದವನ್ನು ನಿಮ್ಮ ಮೈದಾನಕ್ಕೆ ಎಳೆದು ತನ್ನಿ. ನಿಮ್ಮಲ್ಲಿ ಪೆವಿಲಿಯನ್ ಎಲ್ಲಿದೆ? ಔಟಾದವರು ಸ್ಕೂಟರ್ ನಿಲ್ಲಿಸಿದ ಹೊಂಗೆ ಮರದ ಕೆಳಗೆ ಹೋಗಿ ಕೂರುತ್ತಾರೆ ಎಂದುಕೊಳ್ಳಿ. "ಖಾತೆ ತೆರೆಯದೆ ಹೊಂಗೆ ಮರದ ಹಾದಿ ಹಿಡಿದರು." ಸಾಕು, ಮುಂದೆ ವಿವರಣೆ ಬೇಡ.

ಪ್ರಶ್ನೆ (ಮಲ್ಲೇಶ್ವರದಿಂದ): ನಿಜವಾದ ಪಂದ್ಯಗಳ ಬಗ್ಗೆ ಅಣಕು ಬರೆಯುವಾಗ ಸುಳ್ಳು ಅಂಕಿ ಹಾಕಬಹುದೇ?

ಉತ್ತರ: ಬೇಡ. ನಿಜವಾದ ಅಂಕಿಗಳೇ ಹೆಚ್ಚು ತಮಾಷೆಯಾಗಿರುತ್ತವೆ. ನಮ್ಮ ಆರ್‌ಸಿಬಿಯನ್ನೇ ನೋಡಿ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪುಣೆ ವಾರಿಯರ್ಸ್ ವಿರುದ್ಧ 263 ರನ್; ಅದರಲ್ಲಿ ಕ್ರಿಸ್ ಗೇಲ್ ಒಬ್ಬರದೇ ಅಜೇಯ 175. ನಾಲ್ಕು ವರ್ಷದ ನಂತರ ಅದೇ ಏಪ್ರಿಲ್ 23ರಂದು, ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತ ವಿರುದ್ಧ 49ಕ್ಕೆ ಆಲೌಟ್. ಈಗ ವಿಶ್ಲೇಷಕನ ಟೋಪಿ ಹಾಕಿಕೊಳ್ಳಿ:

"ಏಪ್ರಿಲ್ 23ರಂದು ಆರ್‌ಸಿಬಿಯ ಸರಾಸರಿ ಮೊತ್ತ 156. ಇದನ್ನು ನಾನು ಸ್ಥಿರ ಪ್ರದರ್ಶನ ಎನ್ನುತ್ತೇನೆ."

ಈ ಎರಡು ಪಂದ್ಯಗಳ ಮಟ್ಟಿಗೆ ಸಂಖ್ಯೆಗಳಲ್ಲಿ ಒಂದೂ ಸುಳ್ಳಲ್ಲ. ಸುಳ್ಳು ಇರುವುದು "ಸ್ಥಿರ" ಎಂಬ ಒಂದು ಪದದಲ್ಲಿ.

ಸದಸ್ಯರೊಬ್ಬರ ಆಕ್ಷೇಪ: 2022ರ ಏಪ್ರಿಲ್ 23ರಂದು ಹೈದರಾಬಾದ್ ಎದುರು 68ಕ್ಕೆ ಆಲೌಟ್ ಆದದ್ದನ್ನು ಮರೆತಿದ್ದೀರಿ.

ಉತ್ತರ: ಮರೆತಿಲ್ಲ, ಬೇಕೆಂದೇ ಬಿಟ್ಟೆ. ಅದನ್ನು ಸೇರಿಸಿದರೆ ಮೂರರ ಸರಾಸರಿ 126.67ಕ್ಕೆ ಇಳಿದು ನನ್ನ ವಾದ ಮಕಾಡೆ ಮಲಗುತ್ತದೆ. ವಾದಕ್ಕೆ ಒಗ್ಗದ ಪಂದ್ಯವನ್ನು "ಅದೊಂದು ಕೆಟ್ಟ ದಿನ" ಎಂದು ಬದಿಗಿಡುವುದು ವಿಶ್ಲೇಷಕರ ಸಂಪ್ರದಾಯ.

ಪ್ರಶ್ನೆ (ಎಚ್‌ಎಸ್‌ಆರ್ ಬಡಾವಣೆಯಿಂದ): ಕ್ರಿಕೆಟ್ ಸಾಕಾಗಿದೆ. ಫುಟ್‌ಬಾಲ್ ಶೈಲಿಯಲ್ಲಿ ಏನಾದರೂ?

ಉತ್ತರ: ಆಟಗಾರರ ವರ್ಗಾವಣೆ ಸುದ್ದಿಗೆ ಹೆಸರಾದ ಇಟಲಿಯ ಪತ್ರಕರ್ತ ಫ್ಯಾಬ್ರಿಜಿಯೊ ರೊಮಾನೊ, ಒಪ್ಪಂದ ಕುದುರಿತು ಎಂದು ಖಾತ್ರಿಯಾದಾಗ "ಹಿಯರ್ ವಿ ಗೋ" ಎಂದು ಬರೆಯುತ್ತಾರೆ. ಆ ಧಾಟಿಗೆ ಬೆಂಗಳೂರಿನಲ್ಲಿ ಹೇಳಿ ಮಾಡಿಸಿದ ವಿಷಯ ಬಾಡಿಗೆ ಮನೆ:

"ಖಚಿತ! ಹುಡುಗ ಮಡಿವಾಳದ ಪಿಜಿ ತೊರೆದು ಎಚ್‌ಎಸ್‌ಆರ್‌ಗೆ. 11 ತಿಂಗಳ ಕರಾರು, 10 ತಿಂಗಳ ಮುಂಗಡ. ಸಸ್ಯಾಹಾರ ಪರೀಕ್ಷೆ ಇಂದು ಸಂಜೆ. ಮನೆ ಮಾಲೀಕರ ತಾಯಿಯ ಒಪ್ಪಿಗೆಯೊಂದೇ ಬಾಕಿ. ಹಿಯರ್ ವಿ ಗೋ!"

ಧಾಟಿ ದೊಡ್ಡದು, ವಿಷಯ ಚಿಕ್ಕದು. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಒಳ್ಳೆಯದು.

ಪ್ರಶ್ನೆ (ವಿಜಯನಗರದಿಂದ): ಪ್ರಸಿದ್ಧ ವೀಕ್ಷಕ ವಿವರಣೆಕಾರರೊಬ್ಬರ ಹೆಸರು, ಫೋಟೊ ಹಾಕಿ ಎಕ್ಸ್‌ನಲ್ಲಿ ಅಣಕು ಖಾತೆ ತೆರೆದಿದ್ದೇನೆ. ಆಟಗಾರರೊಬ್ಬರಿಗೆ ಗಾಯವಾಗಿದೆ ಎಂದು ತಮಾಷೆಗೆ ಬರೆದದ್ದು ವಾಟ್ಸ್‌ಆ್ಯಪ್‌ನಲ್ಲಿ ನಿಜವೆಂದೇ ಓಡಾಡಿತು. ಅಣಕು ಅಷ್ಟು ಚೆನ್ನಾಗಿತ್ತು ಎಂದುಕೊಳ್ಳಬಹುದೇ?

ಉತ್ತರ: ಇಲ್ಲ. ಅದರಲ್ಲಿ ನಗುವ ಜಾಗವೇ ಇರಲಿಲ್ಲ, ಆದ್ದರಿಂದ ಜನ ನಂಬಿದರು. ಅದಕ್ಕೆ ಗಾಳಿಸುದ್ದಿ ಎಂಬ ಹಳೆಯ ಹೆಸರಿದೆ.

ನಾನು ವಕೀಲನಲ್ಲ, ಆದರೆ ಸುದ್ದಿಮನೆಯಲ್ಲಿ ಕುಳಿತವನಿಗೆ ಇಷ್ಟು ಗೊತ್ತಿರಬೇಕಾಗುತ್ತದೆ. ಎಕ್ಸ್‌ನ ನಿಯಮದಂತೆ 2025ರ ಏಪ್ರಿಲ್ 10ರಿಂದ ಅಣಕು ಖಾತೆಗಳು ಹೆಸರಿನ ಆರಂಭದಲ್ಲಿಯೇ "ಪ್ಯಾರಡಿ" ಅಥವಾ "ಫೇಕ್" ಎಂಬಂಥ ಪದ ಹಾಕಬೇಕು. ಅಸಲಿ ಖಾತೆಯ ಚಿತ್ರವನ್ನೇ ಬಳಸುವಂತಿಲ್ಲ. ಹಾಸ್ಯಕ್ಕೆ ರಕ್ಷಣೆ ಇದೆ. ಕ್ರಿಕೆಟಿಗರ ಡಿಜಿಟಲ್ ಕಾರ್ಡುಗಳ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ವಿಡಂಬನೆ ಮತ್ತು ಅಣಕಕ್ಕಾಗಿ ಪ್ರಸಿದ್ಧರ ಹೆಸರು, ಚಿತ್ರ ಬಳಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಹೇಳಿತು. ಆದರೆ ಇನ್ನೊಬ್ಬರ ಸೋಗು ಹಾಕಿ ಆನ್‌ಲೈನ್‌ನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಫೋಟೊ ಇವತ್ತೇ ತೆಗೆಯಿರಿ. ಹೆಸರನ್ನೂ ಬದಲಿಸಿ, ನಿಮ್ಮದೇ ಒಬ್ಬ ವಿಶ್ಲೇಷಕನನ್ನು ಹುಟ್ಟಿಸಿಕೊಳ್ಳಿ. ಧಾಟಿಯನ್ನು ಅನುಕರಿಸಲು ಮುಖ ಬೇಕಿಲ್ಲ.

ಟಿಕೆಟ್, ಪಾಸ್, ಗೇಟ್, ಮೆರವಣಿಗೆ: ಇವುಗಳ ಬಗ್ಗೆ ಅಣಕು ಬರೆಯಲೇಬೇಡಿ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿಗೆ ಐಪಿಎಲ್ ಕಪ್ ಬಂತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಈ ಊರಿನಲ್ಲಿ ಅಂಥ ಮಾತು ಕಿವಿಗೆ ಬಿದ್ದರೆ ಜನ ಓಡಿ ಬರುತ್ತಾರೆ.

ನನ್ನ ಕೈಯೂ ಶುದ್ಧವಲ್ಲ. ಬಹಳ ವರ್ಷದ ಹಿಂದೆ ಏಪ್ರಿಲ್ 1ಕ್ಕೆಂದು ನಮ್ಮ ಪುಟದಲ್ಲಿ ಒಂದು ಚಿಕ್ಕ ಚೌಕಟ್ಟು ಹಾಕಿದ್ದೆ: ಹಳೆಯ ಪಂದ್ಯದ ಟಿಕೆಟ್ ತಂದರೆ ಮುಂದಿನ ಪಂದ್ಯ ಉಚಿತ. ಬೆಳಿಗ್ಗೆ ಹನ್ನೊಂದಕ್ಕೆ ಹಿರಿಯರೊಬ್ಬರು ಕಚೇರಿಗೆ ಬಂದರು. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಟಿಕೆಟ್ ಕಟ್ಟು. ಮೇಲೆಯೇ 1996ರ ಮಾರ್ಚ್ 9ರ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ಟಿಕೆಟ್, ಅಮೀರ್ ಸೊಹೈಲ್ ಅವರನ್ನು ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದ ಪಂದ್ಯದ್ದು. "ಇದೊಂದನ್ನು ಕೊಡುವುದಿಲ್ಲ, ಉಳಿದದ್ದರಲ್ಲಿ ಯಾವುದಾದರೂ ತೆಗೆದುಕೊಳ್ಳಿ" ಎಂದರು. ಅದು ತಮಾಷೆ ಎಂದು ಅವರಿಗೆ ಹೇಳುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಅವರು ಬೈಯಲಿಲ್ಲ. ಕಟ್ಟಿಗೆ ಮತ್ತೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೊರಟರು.

ಪ್ರಶ್ನೆ (ಯಲಹಂಕದಿಂದ): ಎಮೋಜಿ ಎಷ್ಟಿರಬೇಕು?

ಉತ್ತರ: ಸೊನ್ನೆ. ನಗುವ ಮುಖ ಹಾಕಿದರೆ ನೀವೇ ಮೊದಲು ನಕ್ಕಂತೆ.

ಬನಶಂಕರಿಯವರಿಂದ ಮತ್ತೆ: ದೋಸೆಯ ಪೋಸ್ಟ್ ಹಾಕಿದೆ. ನಾಯಕ ಮೂರು ವಾರದ ನಂತರ ಫೋನ್ ಮಾಡಿದ. ಅವನು ತಿಂದದ್ದು ಮಸಾಲೆ ದೋಸೆಯಲ್ಲವಂತೆ, ಸೆಟ್ ದೋಸೆಯಂತೆ. ಸರಾಸರಿಯ ಬಗ್ಗೆ ತಕರಾರಿಲ್ಲ.

ಉತ್ತರ: ತಿದ್ದುಪಡಿ ಹಾಕಿ. "ಸೆಟ್ ದೋಸೆಯ ವಿಭಾಗದಲ್ಲೂ ನಮ್ಮ ನಾಯಕರೇ ಅಗ್ರಸ್ಥಾನದಲ್ಲಿದ್ದಾರೆ" ಎಂದು ಬರೆಯಿರಿ.